ಕೊನೆಯ ಹಗ್ಗ ಬಿಡುವವಳು

ಹೆಸ್ಟರ್ ಸ್ವಾರ್ಟಳ ಹೊಟ್ಟೆಕಿಚ್ಚು ಎಲ್ಲರ ಹಾಗಿನದಲ್ಲ. ಬೇರೆ ಹೆಂಗಸರು ಪಕ್ಕದ ಮನೆಯವಳ ಹೊಸ ಸೋಫಾ ನೋಡಿ ಉರಿದುಕೊಂಡರೆ, ಇವಳು ಪಕ್ಕದ ದೋಣಿಯವಳ ಮೊಣಕಾಲಿನ ತರಚುಗಾಯ ನೋಡಿ ಉರಿದುಕೊಳ್ಳುತ್ತಿದ್ದಳು. ಆ ಗಾಯ ನಡುಸಮುದ್ರದಲ್ಲಿ ಆದದ್ದು ತಾನೆ? ಉಪ್ಪುಗಾಳಿಗೆ ಬಿರಿದ ತುಟಿ, ಬಿಸಿಲಿಗೆ ಬಣ್ಣ ಹೋದ ಹಾಯಿ, ಕಂಬಿಯ ಮೇಲೆ ಒಣಹಾಕಿದ ಒದ್ದೆ ಹಾಸಿಗೆ, ಯಾವುದು ಕಂಡರೂ ಸರಿ, ಎದೆಯೊಳಗೆ ಕೆಂಡ. ದಕ್ಷಿಣ ಆಫ್ರಿಕಾದ ರಿಚರ್ಡ್ಸ್ ಬೇ ಬಂದರಿನಲ್ಲಿ ಹಾಯಿದೋಣಿಗಳು ತಂಗುವ ಮರೀನಾಕ್ಕೆ ಬಂದು ಹೋಗುವ ಯಾವ ದೋಣಿಯೂ ಆ ಕೆಂಡಕ್ಕೆ ಗಾಳಿ ಹಾಕದೆ ಹೋದದ್ದಿಲ್ಲ.

ಅವಳಿದ್ದದ್ದೂ ದೋಣಿಯಲ್ಲೇ. ಲೂರಿ ಎಂದು ಹೆಸರು, ಪೂರಾ ಉಕ್ಕಿನದು. ಗಂಡ ಬಾರೆಂಡ್ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಸಮುದ್ರದ ವಾಸನೆಯೂ ಬಾರದ ಜರ್ಮಿಸ್ಟನ್ನಿನಲ್ಲಿ, ಮನೆಯ ಹಿತ್ತಿಲಲ್ಲಿ, ಹದಿನಾಲ್ಕು ವರ್ಷ ಬೆಸುಗೆ ಹಾಕಿ ಕಟ್ಟಿದ ದೋಣಿ ಅದು. ಹೆಸ್ಟರ್ ತಗಡು ಹಿಡಿದು ನಿಂತು, ಕಿಡಿ ಹಾರಿ, ಎರಡು ಸಲ ಹುಬ್ಬು ಸುಟ್ಟುಕೊಂಡಿದ್ದಳು. ನೆರೆಯವರು ಬೇಲಿಯ ಮೇಲಿಂದ ಇಣುಕಿ, "ಮಳೆ ಜೋರಾದ್ರೆ ನಮ್ಮನ್ನೂ ಹತ್ತಿಸ್ಕೊಳ್ರಪ್ಪಾ" ಎಂದು ನಗುತ್ತಿದ್ದರು. ನಗಲಿ ಬಿಡಿ. ಗಂಡ ಹೆಂಡತಿ ಒಂದು ಬಾಟಲಿ ಬ್ರಾಂದಿ ತಂದು, ಅದರ ಕೊರಳಿಗೆ ಬೆಸುಗೆಯ ತಂತಿ ಬಿಗಿದು ಹಾಸಿಗೆಯಡಿ ಇಟ್ಟರು. ಆಫ್ರಿಕಾದ ಕೊನೆಯ ಭೂಶಿರವನ್ನು ಲೂರಿಯಲ್ಲಿ ಇಬ್ಬರೂ ಒಟ್ಟಿಗೆ ಸುತ್ತಿದ ದಿನ ಅದನ್ನು ತೆರೆಯುವುದೆಂದು ಮಾತಾಯಿತು.

ಶುರುವಿನಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಮಡಗಾಸ್ಕರ್ ನೋಡಿದರು, ಮೊಜಾಂಬಿಕ್ ತೀರದಲ್ಲಿ ಏಡಿ ತಿಂದು ಕೈಯೆಲ್ಲ ನಾರಿಸಿಕೊಂಡರು. ವಾಪಸು ಬರುವಾಗ ಬಜಾರೂಟೊ ದ್ವೀಪಗಳಾಚೆ ಬಿರುಗಾಳಿ ಹಿಡಿದುಕೊಂಡಿತು. ದೋಣಿ ಪಕ್ಕಕ್ಕೆ ಮಲಗಿ, ಹಾಯಿಕಂಬದ ತುದಿ ನೀರು ಮುಟ್ಟಿ, ಹೆಸ್ಟರ್ ತನ್ನನ್ನು ತಾನೇ ಹಗ್ಗದಲ್ಲಿ ಕಟ್ಟಿಕೊಂಡು ಗಂಟಲು ಹರಿಯುವಂತೆ ಕಿರುಚಿದ್ದಳು. ರಿಚರ್ಡ್ಸ್ ಬೇಗೆ ಬಂದು ಹಗ್ಗ ಬಿಗಿದ ಮೇಲೆ, "ಸ್ವಲ್ಪ ದಿನ ಇಲ್ಲೇ ಇರೋಣ" ಎಂದಳು. ಆ ಸ್ವಲ್ಪ ದಿನ ಎರಡು ವರ್ಷ ದಾಟಿತು. ಬಾರೆಂಡ್ ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು ಎಂದು ಅವಳಿಗೆ ಅದೊಂದು ಸಿಟ್ಟು ಬೇರೆ.

ಹಾಗಾಗಿ ಮರೀನಾವೇ ಮನೆಯಾಯಿತು. ಎದುರು ದಡದಲ್ಲಿ ಹಡಗುಗಳಿಗೆ ಕಲ್ಲಿದ್ದಲು ತುಂಬುತ್ತಾರೆ. ಬೆಳಗಾದರೆ ದೋಣಿಯ ಮೇಲೆಲ್ಲ ಕರಿ ಪುಡಿ. ಅದನ್ನು ತೊಳೆಯುವುದು, ಬ್ರೆಡ್ ಕದಿಯಲು ಬರುವ ಮಂಗಗಳನ್ನು ಪೊರಕೆ ಹಿಡಿದು ಓಡಿಸುವುದು, ಕಾಫಿಗೆ ರಸ್ಕ್ ಅದ್ದುವುದು, ಏಳು ಗಂಟೆಗೆ ರೇಡಿಯೋ ಹಿಡಿಯುವುದು. ಆ ಮರೀನಾದಲ್ಲಿ ಬೆಳಗಿನ ರೇಡಿಯೋ ಅಂದರೆ ಹೆಸ್ಟರ್. ಬಾರೆಂಡ್ ಹೇಳಿಕೊಟ್ಟ ಗಾಳಿಯ ಸುದ್ದಿಯನ್ನು ಮೊದಲು ಸಾರಿ, ಆಮೇಲೆ ಒಂದೊಂದೇ ದೋಣಿಯ ಹೆಸರು ಕೂಗುತ್ತಿದ್ದಳು. ಕೂಗಿಸಿಕೊಂಡವರು "ಇದ್ದೀವಿ" ಅನ್ನಬೇಕು, ಇಲ್ಲವೇ "ಹೊರಟ್ವಿ" ಅನ್ನಬೇಕು. ಹೊರಟ್ವಿ ಎಂದು ಒಮ್ಮೆ ರೇಡಿಯೋದಲ್ಲಿ ಅಂದರೆ ಮುಗಿಯಿತು, ಹಿಂದೆಗೆಯುವಂತಿಲ್ಲ. ಅರ್ಧ ಮರೀನಾ ಜೆಟ್ಟಿಗೆ ಬಂದು ಹಗ್ಗ ಹಿಡಿದು ನಿಂತಿರುತ್ತದೆ. ಎಲ್ಲರ ಹೆಸರಾದ ಮೇಲೆ ಕೊನೆಗೆ ತನ್ನದು: "ಲೂರಿ, ಇದ್ದೀವಿ."

ಇನ್ನೊಂದು ಪದ್ಧತಿಯಿತ್ತು. ಹೊರಡುವ ದೋಣಿಯ ಕೊನೆಯ ಹಗ್ಗವನ್ನು ಹೆಸ್ಟರಳೇ ಬಿಡಬೇಕು. ಅವಳು ಬಿಟ್ಟ ದೋಣಿಗಳೆಲ್ಲ ಸುಖವಾಗಿ ಕೇಪ್‌ಟೌನ್ ಮುಟ್ಟಿದ್ದವಂತೆ. "ನಿಮ್ಮ ಕೈಗುಣ ಟಾನಿ" ಅನ್ನುತ್ತಿದ್ದರು. ಟಾನಿ ಅಂದರೆ ಚಿಕ್ಕಮ್ಮ. ಅಲ್ಲಿ ದೊಡ್ಡ ಹೆಂಗಸರನ್ನೆಲ್ಲ ಹಾಗೇ ಕರೆಯುವುದು, ಗಂಡಸಾದರೆ ಓಮ್. ಕೈಗುಣವಂತೆ! ಹಗ್ಗ ಬಿಡುವಾಗ ಅವಳ ಹೊಟ್ಟೆಯೊಳಗೆ ಏನು ಉರಿಯುತ್ತಿತ್ತೆಂದು ಗೊತ್ತಿದ್ದರೆ ಒಬ್ಬರೂ ಅವಳ ಕೈಗೆ ಹಗ್ಗ ಕೊಡುತ್ತಿರಲಿಲ್ಲ.

ಹೀಗಿರುವಾಗ ರಿಯೂನಿಯನ್ ದ್ವೀಪದಿಂದ ಮೆರೆಲ್ ಎಂಬ ದೋಣಿ ಬಂತು. ಬೆಲ್ಜಿಯಮ್ಮಿನ ಗಂಡ ಹೆಂಡತಿ, ಯೋರಿಸ್ ಮತ್ತು ಲೀವೆ. ಅವರ ಫ್ಲೆಮಿಶ್ ನುಡಿಗೂ ಬಾರೆಂಡನ ಆಫ್ರಿಕಾನ್ಸಿಗೂ ಅಕ್ಕತಂಗಿಯರ ಸಂಬಂಧ. ಅರ್ಧ ಮಾತು ತಾನಾಗಿ ಅರ್ಥವಾಗುತ್ತದೆ, ಉಳಿದರ್ಧಕ್ಕೆ ನಗು ಬರುತ್ತದೆ. ಮೊದಲ ದಿನವೇ ಬಾರೆಂಡ್ ಅವರ ಎಂಜಿನ್ನಿನೊಳಗೆ ತಲೆ ಹಾಕಿ ಕೂತ. ಲೀವೆ ಬರಿಗಾಲಲ್ಲಿ ದೋಣಿಯ ಮೂತಿಯವರೆಗೆ ಓಡುತ್ತಿದ್ದಳು, ಶಿಳ್ಳೆ ಹಾಕುತ್ತಿದ್ದಳು, ಕನ್ನಡಿಯೂ ಇಲ್ಲದೆ ಕತ್ತರಿ ಹಿಡಿದು ಕೂದಲು ಕತ್ತರಿಸಿಕೊಳ್ಳುತ್ತಿದ್ದಳು. ಹೆಸ್ಟರ್ ಕರಿ ಪುಡಿ ಉಜ್ಜುತ್ತ ಎಲ್ಲ ನೋಡಿದಳು. ನೋಡಬಾರದೆಂದು ಬೆನ್ನು ತಿರುಗಿಸಿ ಕೂತರೆ ಶಿಳ್ಳೆ ಕೇಳಿಸುತ್ತಿತ್ತು.

"ಆ ದೋಣಿ ಗುಟುಕು ಗುಟುಕಾಗಿ ಎಣ್ಣೆ ಕುಡೀತಿದೆ ಕಣೇ," ಎಂದ ಬಾರೆಂಡ್, ಸಂಜೆ ಬಂದು ಕೈ ತೊಳೆಯುತ್ತ. "ನಾಳೆ ಇನ್ನೊಂದು ಸಲ ಬಿಚ್ಚಬೇಕು."

"ನಾಳೆ ನಮ್ಮ ಅಡುಗೆಮನೆ ಪಂಪ್ ರಿಪೇರಿ ಅಂತ ನೀನೇ ಅಂದಿದ್ದೆ."

"ಪಂಪ್ ಎಲ್ಲಿಗೆ ಹೋಗತ್ತೆ, ಇಲ್ಲೇ ಇರತ್ತೆ."

"ಹೌದು, ಇಲ್ಲೇ ಇರೋವಕ್ಕೆ ಏನು ಅವಸರ!"

ಅವನು ಟವೆಲು ಹುಡುಕಿದ. ಅವನ ಅಂಗಿಯಲ್ಲಿ ಎಣ್ಣೆ ವಾಸನೆ ಇತ್ತು, ಲೂರಿಯ ಎಣ್ಣೆಯಲ್ಲ. ಬೇರೆ ಹೆಂಗಸಿನ ಸೆಂಟು ಮೂಗಿಗೆ ಬಡಿದರೆ ಹೆಂಡತಿಯರಿಗೆ ಹೇಗಾಗುತ್ತದೋ ಹೆಸ್ಟರಿಗೆ ಹಾಗೇ ಆಯಿತು. ಅಂಗಿಯನ್ನು ಬಕೆಟ್ಟಿಗೆ ಹಾಕಿ ಬೇಕಾದ್ದಕ್ಕಿಂತ ಮೂರು ಪಟ್ಟು ಸೋಪು ಸುರಿದಳು.

ಜೆಟ್ಟಿಯವರು ಸುಮ್ಮನಿರುತ್ತಾರೆಯೇ? ಕ್ರೇನ್ ನಡೆಸುವ ಮ್ಲುಂಗಿಸಿ ಹೋಗುತ್ತ ಬರುತ್ತ ಚುಚ್ಚುತ್ತಿದ್ದ. "ಏನ್ ಮಾ, ಓಮ್ ಬಾರೆಂಡ್‌ಗೆ ಈಗ ಊಟ ಯಾವ ದೋಣೀಲಿ?"

"ನಿನ್ನ ಕ್ರೇನಿಗೆ ಎಣ್ಣೆ ಹಾಕ್ಕೋ ಹೋಗೋ, ಕಿರೀತಿದೆ."

"ನನ್ನ ಕ್ರೇನ್ ಇರಲಿ, ಲೂರಿನ ಯಾವಾಗ ನೀರಿಂದ ಎತ್ತಿಸಿ ಕೆರೆಸ್ತೀರಾ? ಅಡೀಲಿ ಬೇರು ಬಿಟ್ಟಿರತ್ತೆ ಇಷ್ಟೊತ್ತಿಗೆ."

"ಎಲ್ಲಿಗೂ ಹೋಗದ ದೋಣಿನ ಎತ್ತಿ ಏನು ಪೂಜೆ ಮಾಡಬೇಕಾ?"

ಅದು ಅವಳು ಎರಡು ವರ್ಷದಿಂದ ಹೇಳಿಕೊಂಡು ಬಂದ ಉತ್ತರ. ಬಾರೆಂಡ್ ಪ್ರತಿ ಭಾನುವಾರ ಎಂಜಿನ್ ಚಾಲೂ ಮಾಡಿ, ಅದು ಗುರ್ ಅನ್ನುವುದನ್ನು ಕೇಳಿ, ತೃಪ್ತಿಯಿಂದ ಬಂದ್ ಮಾಡುತ್ತಿದ್ದ. ನೀರಿನಡಿ ಏನಿದೆ ಎಂದು ಯಾರೂ ಇಳಿದು ನೋಡುವಂತಿರಲಿಲ್ಲ. ಆ ಬಂದರಿನ ನೀರಲ್ಲಿ ಮೊಸಳೆ ಇದೆ, ಶಾರ್ಕ್ ಇದೆ. ಇಳಿದವರು ಪೂರ್ತಿ ವಾಪಸು ಬರುತ್ತಾರೆಂಬ ಖಾತ್ರಿಯಿಲ್ಲ.

ನಿಜ ಹೇಳಬೇಕೆಂದರೆ ಬಾರೆಂಡ್ ಲೀವೆಯ ಮೇಲೆ ಕಣ್ಣು ಹಾಕಿದ್ದರೆ ಹೆಸ್ಟರಿಗೆ ಸಲೀಸಾಗುತ್ತಿತ್ತು. ಕಿವಿ ಹಿಂಡಿ ಕೂರಿಸುತ್ತಿದ್ದಳು. ಅವನು ಕಣ್ಣು ಹಾಕಿದ್ದು ಲೀವೆ ಹೋಗಲಿದ್ದ ದಾರಿಯ ಮೇಲೆ. ಮೆರೆಲಿನ ಮೇಜಿನ ಮೇಲೆ ಸಮುದ್ರದ ನಕ್ಷೆ ಹರಡಿ ಇಲ್ಲಿ ಪ್ರವಾಹ, ಇಲ್ಲಿ ಬಂಡೆ, ಇಲ್ಲಿ ಲಂಗರು ಹಾಕಬಹುದು ಎಂದು ಬೆರಳಿಟ್ಟು ತೋರಿಸುವಾಗ ಅವನ ಮುಖ ನೋಡಬೇಕಿತ್ತು. ಆ ಮುಖವನ್ನು ಅವಳು ಜರ್ಮಿಸ್ಟನ್ನಿನ ಹಿತ್ತಿಲಲ್ಲಿ ಕಂಡಿದ್ದಳು, ಆಮೇಲೆ ಕಂಡಿರಲಿಲ್ಲ. ತನ್ನ ಎದುರು ಬಾರದ ಮುಖ ಪರರ ಮೇಜಿನ ಮೇಲೆ ಬರುತ್ತದಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಯೋರಿಸ್ ಬಿದ್ದ. ಮಂಗವೊಂದು ಅವನ ಬ್ರೆಡ್ ಎತ್ತಿಕೊಂಡು ಓಡಿತು; ಮಂಗಗಳ ಅನುಭವವಿಲ್ಲದ ಮನುಷ್ಯ, ಬೆನ್ನಟ್ಟಿ ಹೋಗಿ ಕರಿ ಪುಡಿಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡ. ಮಂಗ ಹಾಯಿಕಂಬದ ಮೇಲೆ ಕೂತು ಬ್ರೆಡ್ ತಿಂದಿತು. ಗುರುವಾರ ಸಂಜೆ ಎಲ್ಲರೂ ಕೆಂಡದ ಮೇಲೆ ಮಾಂಸ ಸುಡಲು ಸೇರಿದಾಗ ಯೋರಿಸ್ ಪಟ್ಟಿ ಕಟ್ಟಿದ ಕೈ ಹೊತ್ತು ಕೂತಿದ್ದ. ಲೀವೆ ತಟ್ಟೆ ಕೆಳಗಿಟ್ಟು ನೇರವಾಗಿ ಕೇಳಿಬಿಟ್ಟಳು.

"ಓಮ್ ಬಾರೆಂಡ್, ಇವರ ಒಂದು ಕೈ ನಂಬಿ ನಾನು ಭೂಶಿರ ಸುತ್ತಕ್ಕಾಗಲ್ಲ. ಹಗಲು ರಾತ್ರಿ ಚುಕ್ಕಾಣಿ ಪಾಳಿ ಕಾಯೋಕೆ ಇನ್ನೊಬ್ರು ಬೇಕೇ ಬೇಕು. ಕೇಪ್‌ಟೌನ್‌ವರೆಗೆ ನೀವು ಬರ್ತೀರಾ?"

ಬಾರೆಂಡನ ಕೈಯಲ್ಲಿದ್ದ ಇಕ್ಕಳದಿಂದ ಮಾಂಸ ಜಾರಿ ಬೂದಿಗೆ ಬಿತ್ತು. ಅವನು ಅದನ್ನು ಎತ್ತಲಿಲ್ಲ. ಮೊದಲು ಲೀವೆಯನ್ನು ನೋಡಿದ, ಆಮೇಲೆ ಹೆಸ್ಟರಳನ್ನು. ಆ ಎರಡು ನೋಟಗಳ ನಡುವೆ ಅವನ ಮುಖದಲ್ಲಿ ಬೆಳಕು ಬಂದು ಹೋದದ್ದನ್ನು ಅವಳು ಕಂಡಳು.

"ನೀನು ಬೇಡ ಅಂದ್ರೆ ಹೋಗಲ್ಲ," ಎಂದ ಎಲ್ಲರೆದುರೇ.

ಬೇಡ ಅನ್ನಬೇಕಿತ್ತು. ಹಾಸಿಗೆಯಡಿ ಬಾಟಲಿ ಇದೆ, ನೆನಪಿದೆಯೇನೋ ಎಂದು ಕೇಳಬೇಕಿತ್ತು. ಆದರೆ ಅಷ್ಟು ಜನ ತನ್ನ ಬಾಯಿಯನ್ನೇ ನೋಡುತ್ತಿರುವಾಗ ಹೆಸ್ಟರಿಗೆ ಬಿಗುಮಾನ ಅಡ್ಡ ಬಂತು.

"ಹೋಗು, ನನಗೇನು," ಎಂದಳು.

ಮುಂದಿನ ದಿನಗಳಲ್ಲಿ ಅವಳು ರಸ್ಕ್ ಬೇಯಿಸಿದಳು. ದೂರ ಹೊರಟವರಿಗೆ ಡಬ್ಬಿ ತುಂಬ ರಸ್ಕ್ ಕೊಡುವುದು ಅವಳ ರೂಢಿ; ಈ ಸಲ ಹಿಟ್ಟನ್ನು ಹೇಗೆ ಗುದ್ದಿದಳೆಂದರೆ ಲೂರಿ ಅಲುಗಾಡಿತು. ಬಾರೆಂಡ್ ಮೆರೆಲನ್ನು ಕ್ರೇನಿಗೆ ಹತ್ತಿಸಿ, ಅಡಿಯನ್ನೆಲ್ಲ ಕೆರೆದು, ಬಣ್ಣ ಬಳಿದು, ಪ್ರೊಪೆಲ್ಲರನ್ನು ಚಿನ್ನದ ಹಾಗೆ ಹೊಳೆಯಿಸಿ ನೀರಿಗಿಳಿಸಿದ. ಅವನು ಇಲ್ಲದ ಹೊತ್ತು ಹೆಸ್ಟರ್ ಹಾಸಿಗೆ ಎತ್ತಿ ನೋಡಿದಳು. ಬಾಟಲಿ ಇತ್ತು. ಮರುದಿನ ಮತ್ತೆ ನೋಡಿದಳು. ಇದನ್ನೂ ಆ ದೋಣಿಗೆ ಹೊತ್ತುಕೊಂಡು ಹೋದನೆಂದರೆ ಇವನ ಚೀಲವನ್ನು ನೀರಿಗೆಸೆದು ಮೊಸಳೆಗೆ ರೈಲ್ವೆ ಪ್ಯಾಂಟು ತಿನ್ನಿಸುತ್ತೇನೆ ಎಂದುಕೊಂಡಳು.

ಲೀವೆ ಒಂದು ಮಧ್ಯಾಹ್ನ ಡಬ್ಬಿ ಒಯ್ಯಲು ಬಂದವಳು ಮೆಟ್ಟಿಲ ಮೇಲೆ ಕೂತಳು. "ಟಾನಿ, ನಿಮಗೆ ಬೇಜಾರಾಗಿದೆ."

"ಬೇಜಾರು ಯಾಕೆ? ರಸ್ಕ್ ಸೀದಿದೆ, ಅಷ್ಟೇ."

"ನೀವ್ಯಾಕೆ ಹೋಗಲ್ಲ, ಇಷ್ಟು ಗಟ್ಟಿ ದೋಣಿ ಇಟ್ಕೊಂಡು?"

"ನಿನಗೆ ಹೆದರಿಕೆ ಆಗಲ್ವೇನೇ?" ಹೆಸ್ಟರ್ ತಿರುಗಿ ಕೇಳಿದಳು. ಕೇಳಬಾರದೆಂದುಕೊಂಡಿದ್ದ ಪ್ರಶ್ನೆ ಬಾಯಿಂದ ಹೊರಬಿದ್ದಿತ್ತು.

"ಆಗತ್ತೆ. ಹೊರಡೋ ಹಿಂದಿನ ದಿನ ವಾಂತಿ ಮಾಡ್ಕೋತೀನಿ. ಪ್ರತಿ ಸಲ." ಲೀವೆ ಸೀದ ರಸ್ಕೊಂದನ್ನು ಕಚ್ಚಿದಳು. "ಚೆನ್ನಾಗೇ ಇದೆ."

ಹೆದರದವಳೆಂದು ಉರಿದುಕೊಳ್ಳುತ್ತಿದ್ದವಳಿಗೆ ಇದು ಇನ್ನೂ ದೊಡ್ಡ ಉರಿಯಾಯಿತು. ಹೆದರಿ, ವಾಂತಿ ಮಾಡಿ, ಆಮೇಲೂ ಹೊರಡುತ್ತಾಳಂತೆ! ಹಾಗಾದರೆ ತನ್ನ ಬಳಿ ಉಳಿದ ನೆಪ ಯಾವುದು? ಹೆಸ್ಟರ್ ಆ ದಿನ ಅವಳಿಗೆ ಕಾಫಿಯನ್ನೂ ಕೊಡದೆ ಕಳಿಸಿದಳು.

ಗಾಳಿ ತಿರುಗಿತು. ಅಲ್ಲಿಂದ ದಕ್ಷಿಣಕ್ಕೆ ಹೋಗುವವರು ಈಶಾನ್ಯದ ಗಾಳಿಗೆ ಕಾಯಬೇಕು. ಎದುರಿಂದ ನೈಋತ್ಯ ಬಂತೋ, ಗಾಳಿಗೂ ದಕ್ಷಿಣಕ್ಕೆ ಹರಿಯುವ ಸಮುದ್ರಪ್ರವಾಹಕ್ಕೂ ಜಗಳ ಹತ್ತಿ ಅಲೆ ಮನೆಯೆತ್ತರ ಏಳುತ್ತದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದೇ ಬಾರೆಂಡ್ ಹೇಳಿದ: "ಈಶಾನ್ಯ ಕೂತಿದೆ. ಮೂರು ದಿನ ಗ್ಯಾರಂಟಿ. ಇವತ್ತು ಹೊರಡದವರು ಪೆದ್ದರು." ಅಂದು ನಾಲಿಗೆ ಕಚ್ಚಿಕೊಂಡು, ಚೀಲ ಹೆಗಲಿಗೇರಿಸಿ, ಅವಳ ಕೆನ್ನೆಗೊಂದು ಮುತ್ತಿಟ್ಟು, "ಕೊನೇ ಹಗ್ಗಕ್ಕೆ ಬರ್ತೀಯಲ್ಲ?" ಎಂದು ಕೇಳಿ ಮೆರೆಲಿಗೆ ಹೋದ. ಸ್ವಂತ ಗಂಡನ ಹಗ್ಗವನ್ನೂ ತಾನೇ ಬಿಡಬೇಕು! ಹೆಸ್ಟರ್ ರೇಡಿಯೋ ಮುಂದೆ ಕೂತಳು.

ಗಾಳಿಯ ಸುದ್ದಿ ಸಾರಿದಳು. ಹೆಸರು ಕೂಗಿದಳು. ಒಂದಿಷ್ಟು ಇದ್ದೀವಿಗಳು, ನಾಲ್ಕಾರು ಹೊರಟ್ವಿಗಳು.

"ಮೆರೆಲ್?"

"ಹೊರಟ್ವಿ, ಟಾನಿ!" ಲೀವೆಯ ದನಿ. ಹಿಂದೆ ಬಾರೆಂಡ್ ಏನಕ್ಕೋ ಜೋರಾಗಿ ನಕ್ಕದ್ದು ಕೇಳಿಸಿತು. ಎರಡು ವರ್ಷದಿಂದ ಲೂರಿಯಲ್ಲಿ ಕೇಳದ ನಗು ಅದು.

"ಲೂರಿ," ಎಂದಳು ಹೆಸ್ಟರ್. ಗುಂಡಿ ಒತ್ತಿದ ಬೆರಳು ಬೆಳ್ಳಗಾಗಿತ್ತು. "ಲೂರಿ, ಹೊರಟ್ವಿ."

ಜೆಟ್ಟಿಯ ಮೇಲೆ ದಡದಡ ಓಡುವ ಸದ್ದು. ಬಾರೆಂಡ್ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ, ಚೀಲ ಹೆಗಲ ಮೇಲೇ ಇತ್ತು.

"ಏನೇ ಅಂದೆ ನೀನು?"

"ಕಿವಿ ಕೇಳಿಸಲ್ವಾ? ಹೊರಟ್ವಿ ಅಂದೆ. ನಮ್ಮ ದೋಣೀಲಿ. ನಾವಿಬ್ರು. ಅವಳ ದೋಣೀಲಿ ನೀನು ಭೂಶಿರ ಸುತ್ತಿದ್ರೆ ನಾನು ಉರಿದು ಬೂದಿಯಾಗ್ತೀನಿ ಬಾರೆಂಡ್, ಹೇಳಿದೀನಿ!"

ಬಾರೆಂಡ್ ಅವಳನ್ನೇ ನೋಡಿದ. ಚೀಲ ಕೆಳಗಿಟ್ಟ. ಹೋಗಿ ಲೀವೆಯ ಕೈ ಹಿಡಿದು ಕ್ಷಮೆ ಕೇಳಿ ಬಂದ. ಅವಳು ಸರಿಯೆಂದು ತಲೆಯಾಡಿಸಿದಳಂತೆ, ಯೋರಿಸ್ ಫ್ಲೆಮಿಶ್‌ನಲ್ಲಿ ಮಂಗನಿಗೆ ಶಾಪ ಹಾಕಿದನಂತೆ. ಇಲ್ಲಿ ಲೂರಿಯಲ್ಲಿ ಪಾತ್ರೆ ಕಟ್ಟಿದ್ದು, ಹಾಯಿಯ ಹೊದಿಕೆ ಕಿತ್ತದ್ದು, ನೀರು ತುಂಬಿಸಿದ್ದು ಎಲ್ಲ ಒಂದೇ ಉಸಿರಿಗೆ. ಜೆಟ್ಟಿಯ ಮೇಲೆ ಜನ ಜಮಾಯಿಸಿದರು. ಎರಡು ವರ್ಷ ಇದ್ದೀವಿ ಅಂದವರು ಹೊರಡುವುದನ್ನು ಯಾರು ಬಿಡುತ್ತಾರೆ ನೋಡದೆ?

ಎಂಜಿನ್ ಗುರ್ ಅಂದಿತು. ಕೊನೆಯ ಹಗ್ಗವನ್ನು ಮ್ಲುಂಗಿಸಿ ಬಿಟ್ಟ. ಬಾರೆಂಡ್ ಗೇರ್ ಹಾಕಿದ. ಕರಿ ಹೊಗೆ ಬಂತು, ದೋಣಿ ಗಡಗಡ ನಡುಗಿತು, ಹಿಂದೆ ನೀರು ಕೆಸರಾಯಿತು, ಲೂರಿ ಒಂದು ಮೊಳ ಸರಿದು ಅಲ್ಲೇ ನಿಂತಿತು. ಇನ್ನಷ್ಟು ಒತ್ತಿದ, ಇನ್ನಷ್ಟು ಹೊಗೆ. ಗಾಳಿ ಅದನ್ನು ಮೆಲ್ಲನೆ ತಳ್ಳಿಕೊಂಡು ಬಂದು ಹೊರಟ ಜಾಗಕ್ಕೇ ಒರಗಿಸಿತು. ಮ್ಲುಂಗಿಸಿ ಹೊಟ್ಟೆ ಮೇಲೆ ಮಲಗಿ ನೀರಿನೊಳಗೆ ಇಣುಕಿದ.

"ಓಮ್, ಪ್ರೊಪೆಲ್ಲರ್ ಕಾಣ್ತಿಲ್ಲ! ಎರಡು ವರ್ಷ ನಿಂತು ನಿಂತು ಬೆಳೆದ ಚಿಪ್ಪಿನ ಗುಡ್ಡೆ ಕಾಣ್ತಿದೆ!"

ಜೆಟ್ಟಿಯೆಲ್ಲ ಗೊಳ್ಳೆಂದಿತು. ಮೆರೆಲಿನ ಪ್ರೊಪೆಲ್ಲರನ್ನು ಚಿನ್ನ ಮಾಡಿದವನ ಮುಖ ಕೆಂಪು ಕೆಂಪಾಯಿತು. ಹೆಸ್ಟರಿಗಂತೂ ಅಲ್ಲೇ ನೀರಿಗೆ ಹಾರಿ ಮೊಸಳೆಯನ್ನಾದರೂ ಮಾತಾಡಿಸೋಣ ಅನಿಸಿತು.

ಲೀವೆ ಗುಂಪಿನಿಂದ ಮುಂದೆ ಬಂದಳು. ಅವಳು ನಕ್ಕಿರಲಿಲ್ಲ. "ಓಮ್, ನನಗೆ ಗಾಳಿ ಕಾಯಲ್ಲ. ಈಗ ಬರ್ತೀರಾ?"

"ನಾನು ಬರಲ್ಲ ಮಗಳೇ," ಎಂದ ಬಾರೆಂಡ್. "ಇಂಥ ಅವಮಾನ ಮಾಡಿಸಿಕೊಂಡ ದೋಣಿನ ಹಿಂಗೇ ಬಿಟ್ಟು ಎಲ್ಲಿಗೂ ಬರಲ್ಲ. ಮೊದಲು ಇದನ್ನ ಎತ್ತಿಸಿ ಕೆರೀಬೇಕು."

ಲೀವೆ ಹೆಸ್ಟರಳ ಕಡೆ ತಿರುಗಿದಳು. "ಹಾಗಾದ್ರೆ ನೀವು ಬನ್ನಿ."

"ನಾನಾ?"

"ನೀವೇ. ಮಡಗಾಸ್ಕರ್‌ಗೆ ಹೋಗಿ ಬಂದಿಲ್ವಾ? ಪಾಳಿ ಕಾಯಕ್ಕೆ ಬರಲ್ವಾ? ಇಲ್ಲ, ಹೊರಟ್ವಿ ಅಂದದ್ದು ಸುಮ್ನೆ ಬಾಯಿ ಮಾತಾ?"

ಬಜಾರೂಟೊದ ಅಲೆ ಹೆಸ್ಟರಳ ಕಣ್ಣ ಮುಂದೆ ಎದ್ದು ನಿಂತಿತು. ಇಲ್ಲ ಅನ್ನಲು ಗಂಡನ ಕಡೆ ತಿರುಗಿದಳು, ಮತ್ತು ಅವನ ಮುಖ ಕಂಡಳು. ತುಟಿ ಬಿಗಿದು, ಮೂಗಿನ ಹೊಳ್ಳೆ ಅಗಲಿಸಿ, ಕಣ್ಣು ಕಿರಿದು ಮಾಡಿ ನಿಂತಿದ್ದ. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷ ಪ್ರತಿ ಕೊನೆಯ ಹಗ್ಗದ ಹಿಂದೆ ಅವಳೇ ಹೊತ್ತು ನಿಂತ ಮುಖ ಅದು. ಬಾರೆಂಡನಿಗೆ ಹೊಟ್ಟೆ ಉರಿಯುತ್ತಿತ್ತು! ಅದನ್ನು ಕಂಡದ್ದೇ ಅವಳಿಗೆ ಎಲ್ಲಿಲ್ಲದ ಧೈರ್ಯ ಬಂತು.

"ನೀನು ಬೇಡ ಅಂದ್ರೆ ಹೋಗಲ್ಲ," ಎಂದಳು.

ಜೆಟ್ಟಿಯವರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಹೋಗು," ಎಂದ ಬಾರೆಂಡ್. "ನನಗೇನು."

ಅವಳು ಒಳಗೆ ಹೋಗಿ ಮಳೆಕೋಟು, ಉಣ್ಣೆ ಟೋಪಿ, ಕೈಗೆ ಸಿಕ್ಕ ಬಟ್ಟೆ ಚೀಲಕ್ಕೆ ತುರುಕಿಕೊಂಡು ಬಂದಳು. ಮೆರೆಲ್ ಹತ್ತುವ ಮೊದಲು ಕಂಬಿಗೆ ಬಗ್ಗಿ ವಾಂತಿ ಮಾಡಿದಳು. ಲೀವೆ ನೀರಿನ ಲೋಟ ಕೊಟ್ಟಳು. ಕೊನೆಯ ಹಗ್ಗವನ್ನು ಬಾರೆಂಡ್ ಹಿಡಿದಿದ್ದ. ಉಳಿದ ಹಗ್ಗಗಳೆಲ್ಲ ಬಂದವು, ಅದೊಂದು ಬರಲಿಲ್ಲ.

"ಬಿಡು ಬಾರೆಂಡ್."

"ಬಿಡ್ತೀನಿ."

"ಬಿಡೋ ಅಂದ್ರೆ!"

ಅವನು ಹಗ್ಗವನ್ನು ಇನ್ನೊಂದು ಸುತ್ತು ಕೈಗೆ ಸುತ್ತಿಕೊಂಡ. ಆಮೇಲೆ ಒಂದೊಂದೇ ಸುತ್ತು ಬಿಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿ, ಬಿಟ್ಟ.

ಬಂದರಿನ ಬಾಯಿ ದಾಟುತ್ತಿದ್ದಂತೆ ಮೊದಲ ದೊಡ್ಡ ಅಲೆ ಮೆರೆಲನ್ನು ಎತ್ತಿ ಇಳಿಸಿತು. ಚುಕ್ಕಾಣಿ ಹೆಸ್ಟರಳ ಕೈಯಲ್ಲಿತ್ತು. ಹೆದರಿಕೆ ಎಲ್ಲೂ ಹೋಗಿರಲಿಲ್ಲ, ಹೊಟ್ಟೆಯಲ್ಲೇ ಕೂತಿತ್ತು. ಆದರೆ ಚುಕ್ಕಾಣಿ ತಿರುಗಿಸಿದ ಕಡೆ ದೋಣಿ ತಿರುಗುತ್ತಿತ್ತು, ಅವಳ ತುಟಿಗೆ ಉಪ್ಪು ಹತ್ತಿತ್ತು. ಆಗ ರೇಡಿಯೋ ಗೊರಗುಟ್ಟಿತು.

"ಮೆರೆಲ್, ಮೆರೆಲ್, ಲೂರಿ ಮಾತಾಡ್ತಿದೆ." ಬಾರೆಂಡನ ದನಿ. "ಲೀವೆ, ಅವಳನ್ನ ಒಂದು ಮಾತು ಕೇಳು. ಹಾಸಿಗೆ ಅಡಿ ಇದ್ದ ಬಾಟ್ಲಿ ಕಾಣ್ತಿಲ್ಲ."

ಲೀವೆ ಹುಬ್ಬೇರಿಸಿ ಹೆಸ್ಟರಳನ್ನು ನೋಡಿದಳು. ಹೆಸ್ಟರ್ ಕಾಲಿನಿಂದ ತನ್ನ ಚೀಲವನ್ನು ಮುಟ್ಟಿದಳು; ಬಟ್ಟೆಗಳ ನಡುವೆ ಗಾಜು ಟಣ್ ಅಂದಿತು.

"ನನ್ನ ಹತ್ರ ಇದೆ ಅಂತ ಹೇಳು," ಎಂದಳು. "ದಾರೀಲಿ ಸಿಗೋ ಡರ್ಬನ್‌ನಲ್ಲಿ ಕಾಯ್ತೀನಂತೆ, ಮೆರೆಲ್‌ಗೆ ಅಲ್ಲಿ ಬೇರೆ ಯಾರನ್ನಾದ್ರೂ ಹುಡುಕೋಣ. ಲೂರಿನ ತಗೊಂಡು ಬಂದ್ರೆ ಇಬ್ರೂ ಒಟ್ಟಿಗೆ ಮುಂದೆ ಹೋಗೋಣ. ಬರದಿದ್ರೆ ಭೂಶಿರದ ಹತ್ರ ನಾನೊಬ್ಬಳೇ ಕುಡೀತೀನಂತೆ. ಒಂದು ಹನಿ ಬಿಡಲ್ವಂತೆ."

ಲೀವೆ ಒಂದಕ್ಷರ ಬಿಡದೆ ಹೇಳಿದಳು. ರೇಡಿಯೋದಲ್ಲಿ ಬಾರೆಂಡನ ದನಿ ಮತ್ತೆ ಬಂತು. ಅವನು ಅವರೊಂದಿಗೆ ಮಾತಾಡುತ್ತಿರಲಿಲ್ಲ. ಗುಂಡಿ ಬಿಡುವುದನ್ನು ಮರೆತು, ಇಡೀ ಮರೀನಾ ಮತ್ತು ಅರ್ಧ ಸಮುದ್ರ ಕೇಳುವ ಹಾಗೆ ಕೂಗುತ್ತಿದ್ದ.

"ಮ್ಲುಂಗಿಸೀ! ಏಯ್ ಮ್ಲುಂಗಿಸೀ! ಊಟ ಆಮೇಲೆ ಮಾಡೋ, ಮೊದಲು ಕ್ರೇನ್ ತಾರೋ!"